ಭಾನುವಾರ ನೆಲ ಗಟ್ಟಿಯಿರುತ್ತೆ

ಅಲೋಯ್ಜಿ ಕುಬಿಯಾಕ್‌ಗೆ ಅನುಮಾನ ಎನ್ನುವುದು ಹಸಿವಿದ್ದ ಹಾಗೆ, ಹೊತ್ತುಹೊತ್ತಿಗೆ ಆಗುತ್ತಿತ್ತು. ಬೇಕರಿಯವಳು ನಗುತ್ತ ಬ್ರೆಡ್ಡು ಕೊಟ್ಟರೆ ಅದು ನಿನ್ನೆಯದು, ಮುಖ ಗಂಟಿಕ್ಕಿಕೊಂಡು ಕೊಟ್ಟರೆ ಮೊನ್ನೆಯದು. ಪಕ್ಕದ ಮನೆಯವನು ಬೇಲಿಗೆ ಬಣ್ಣ ಬಳಿದರೆ ಬೇಲಿಯನ್ನು ಒಂದು ಗೇಣು ಈಚೆಗೆ ಸರಿಸಿ, ಅದನ್ನು ಮುಚ್ಚಲಿಕ್ಕೇ ಬಣ್ಣ ಬಳಿದಿದ್ದಾನೆ. ಹೆಂಡತಿ ಉರ್ಶುಲಾ ಇದಕ್ಕೆಲ್ಲ ಎಂದೋ ಒಗ್ಗಿಹೋಗಿದ್ದಳು. ಹಗ್ಗ ಕಂಡರೂ ಹಾವು ಎನ್ನುವವನ ಜೊತೆ ಬಾಳುವೆ ಮಾಡುವವರು ಮನೆಯಲ್ಲಿ ಹಗ್ಗವನ್ನೇ ಇಟ್ಟುಕೊಳ್ಳಬಾರದು ಎಂದು ಅವಳು ತನ್ನ ತಂಗಿಗೆ ಹೇಳುತ್ತಿದ್ದಳಂತೆ.

ಆದರೆ ಈ ರೋಗವೇ ಅವನಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟಿತ್ತು. ನಮ್ಮ ಯೆಲೊನೆಕ್ ಪಟ್ಟಣದ ಸ್ಪೀಡ್‌ವೇ ಮೈದಾನದಲ್ಲಿ ಬೈಕು ಓಟದ ನೆಲ ಹದ ಮಾಡುವವನು ಅವನು. ಪಟ್ಟಣದ ಮೇಯರ್ ಯಾರೆಂದು ಕೇಳಿದರೆ ನಮ್ಮಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ನೆಲದ ಅಲೋಯ್ಜಿ ಎಂದರೆ ಶಿಶುವಿಹಾರದ ಮಗುವೂ ಬೆರಳು ಮಾಡಿ ಮನೆ ತೋರಿಸುತ್ತದೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಕೋಳಿ ಸಾರು, ಕಟ್ಲೆಟ್ಟು, ಹುಳಿ ಎಲೆಕೋಸು ತಿಂದು, ಜೇಬಿನ ತುಂಬ ಸೂರ್ಯಕಾಂತಿ ಬೀಜ ತುಂಬಿಕೊಂಡು ಊರಿಗೆ ಊರೇ ಮೈದಾನಕ್ಕೆ ನಡೆಯುತ್ತದೆ. ಬೇರೆ ಕಡೆಯಿಂದ ವರ್ಗವಾಗಿ ಬಂದ ಪಾದ್ರಿಗಳು ಮೊದಲ ತಿಂಗಳು ಸಂಜೆಯ ಪ್ರಾರ್ಥನೆಗೆ ಒಬ್ಬರೇ ನಿಂತು, ಎರಡನೆಯ ತಿಂಗಳು ವೇಳೆ ಬದಲಿಸಿದರು, ಮೂರನೆಯ ತಿಂಗಳು ಕೊರಳಿಗೆ ಕ್ಲಬ್ಬಿನ ಮಫ್ಲರ್ ಸುತ್ತಿಕೊಂಡು ಬಂದರು. ಮೊದಲ ತಿರುವಿನ ಬೇಲಿಗೆ ಆತು ನಿಲ್ಲುವ ಮುದುಕಿ ಗೆರ್ಟ್ರೂದಾಳ ಕೋಟಿನ ಮೇಲೆ ಬೈಕುಗಳು ಎರಚಿದ ಮಣ್ಣು ಸೋಮವಾರದ ತನಕವೂ ಇರುತ್ತದೆ. ಅಂಗಡಿಗೆ ಹೋಗಿ ನಾಲ್ಕು ಜನಕ್ಕೆ ತೋರಿಸಿದ ಮೇಲೆಯೇ ಅವಳು ಅದನ್ನು ಒಗೆಯುವುದು.

ನದಿಯಾಚೆ ಗ್ರೊಬ್ಲಾ. ಅಲ್ಲಿಯವರೂ ನಮ್ಮ ಮಾತೇ ಆಡುತ್ತಾರೆ, ನಮ್ಮ ಊಟವೇ ಉಣ್ಣುತ್ತಾರೆ, ನಮ್ಮಷ್ಟೇ ಹುಚ್ಚರು. ಆದ್ದರಿಂದಲೇ ಅವರನ್ನು ಕಂಡರೆ ನಮಗಾಗದು. ಗ್ರೊಬ್ಲಾದಿಂದ ಹೆಣ್ಣು ತಂದವನ ಮದುವೆಗೂ ನಾವು ಹೋಗುತ್ತೇವೆ. ಹೊಟ್ಟೆತುಂಬ ಉಂಡು, ಬೈದುಕೊಂಡು ಬರುತ್ತೇವೆ.

ಅಲೋಯ್ಜಿ ಹುಟ್ಟಿದ್ದು ಮೈದಾನದ ಹಿಂದಿನ ಓಣಿಯಲ್ಲಿ. ಹರೆಯದಲ್ಲಿ ತಾನೂ ಸವಾರನಾಗಬೇಕೆಂದು ಹೊರಟು, ಅಭ್ಯಾಸದಲ್ಲಿಯೇ ಕುತ್ತಿಗೆಯ ಕೆಳಗಿನ ಎಲುಬು ಮುರಿದುಕೊಂಡ. ಅಪ್ಪ ಅವನನ್ನು ತಳ್ಳುಗಾಡಿಯಲ್ಲಿ ಮನೆಗೆ ತಂದು, ಬೈಕನ್ನು ಆ ವಾರವೇ ಮಾರಿಬಿಟ್ಟ. ಓಡಲಾಗದಿದ್ದರೆ ಏನಾಯಿತು, ಓಡಿಸುವ ನೆಲವಾದರೂ ತನ್ನದಾಗಲಿ ಎಂದು ಅಲೋಯ್ಜಿ ಮೈದಾನದ ಟ್ರ್ಯಾಕ್ಟರು ಹತ್ತಿದ. ಕಲ್ಲಿನ ಪುಡಿ ಎಷ್ಟು, ಜೇಡಿ ಎಷ್ಟು, ನೀರು ಎಷ್ಟು, ಯಾವಾಗ ಕೆದರಬೇಕು, ಯಾವಾಗ ಒತ್ತಬೇಕು, ಎಲ್ಲ ಕಲಿತ. ಗಟ್ಟಿ ನೆಲಕ್ಕೆ ಬೇರೆ ಎಂಜಿನ್, ಚೈನು ಕೂರುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟೂ ಬೇರೆ. ಮೆತ್ತಗಿನ ಆಳದ ನೆಲಕ್ಕೆ ಬೇರೆ. ಯಾವ ನೆಲ ಬರುತ್ತದೆಂದು ಮೊದಲೇ ತಿಳಿದವನು ಅರ್ಧ ಗೆದ್ದ ಹಾಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲೋಯ್ಜಿ ಒಬ್ಬ ಗೆಳೆಯನಿಗೆ ಬಿಯರ್ ಕುಡಿಯುತ್ತ ನೆಲದ ವಿಷಯ ಬಾಯಿಬಿಟ್ಟಿದ್ದ. ಭಾನುವಾರ ಗ್ರೊಬ್ಲಾದವರು ಅದಕ್ಕೆ ತಕ್ಕ ಬೈಕು ತಂದು ನಮ್ಮವರಿಗೆ ಮಣ್ಣು ಮುಕ್ಕಿಸಿದರು. ಆ ಗೆಳೆಯ ಮುಂದಿನ ವರ್ಷ ಗ್ರೊಬ್ಲಾದಲ್ಲಿ ಬಿಡಿಭಾಗಗಳ ಅಂಗಡಿ ತೆರೆದ. ಅಂದಿನಿಂದ ಅಲೋಯ್ಜಿಯ ಬಾಯಿಗೆ ಬೀಗ ಬಿತ್ತು.

ಗುರುವಾರ ಸಂಜೆಯಿಂದ ಭಾನುವಾರ ಓಟ ಶುರುವಾಗುವ ತನಕ ಅವನು ನೆಲದ ಬಗ್ಗೆ ಯಾರೊಂದಿಗೂ ಒಂದು ಮಾತೂ ಆಡುತ್ತಿರಲಿಲ್ಲ. ನೀರಿನ ನಲ್ಲಿಗೂ ಬೀಗ ಹಾಕುತ್ತಿದ್ದ. ಕಲ್ಲುಪುಡಿಯ ಲಾರಿಗೆ ತಾಡಪಾಲು ಮುಚ್ಚಿಸುತ್ತಿದ್ದ. ನಮ್ಮದೇ ಸವಾರರಿಗೂ ಹೇಳುತ್ತಿರಲಿಲ್ಲ. ಸವಾರರೆಂದರೆ ಬಾಡಿಗೆ ಮನೆಯವರಂತೆ, ಪ್ರತಿ ಚಳಿಗಾಲ ಕ್ಲಬ್ಬು ಬದಲಿಸುವವರು. ಇವತ್ತು ಹೇಳಿದ್ದನ್ನು ನಾಳೆ ಎಲ್ಲಿಗೆ ಒಯ್ಯುತ್ತಾರೋ. ಈ ವರ್ಷ ನಮ್ಮ ತಂಡದ ಮುಂದಾಳು ನಾರ್ಬರ್ಟ್ ಹೋದ ವರ್ಷ ಗ್ರೊಬ್ಲಾದ ಪರವಾಗಿಯೇ ಓಡಿದ್ದ. ನಾರ್ಬರ್ಟ್ ಎದುರಿಗೆ ಬಂದರೆ ಅಲೋಯ್ಜಿ ಟ್ರ್ಯಾಕ್ಟರಿನ ಎಂಜಿನ್ನನ್ನು ಜೋರು ಮಾಡಿಬಿಡುತ್ತಿದ್ದ. ನೆಲವನ್ನು ನೋಡಿ ತಿಳಿಯೋಣವೆಂದರೆ ಅದೂ ಆಗದು. ಮೇಲೆ ಒಣಗಿದ ತೆಳು ಪದರ ಕೂರಿಸಿ, ಕೆಳಗೆ ಹಸಿಯಾಗಿ ಇಡುವುದರಲ್ಲಿ ಅವನು ನಿಸ್ಸೀಮ. ಮುಖ ಒಂದು ಹೇಳುತ್ತಿತ್ತು, ಹೊಟ್ಟೆ ಇನ್ನೊಂದು.

ಇಂಥವನ ಮನೆಗೆ ಮಗಳು ಲಿದಿಯಾ ಒಬ್ಬ ಹುಡುಗನನ್ನು ಕರೆದುಕೊಂಡು ಬಂದಳು.

ಶಿಶುವಿಹಾರದಲ್ಲಿ ಪಾಠ ಹೇಳುವ ಲಿದಿಯಾ ಬೇಸಿಗೆ ರಜೆಗೆಂದು ದೇಶದ ಆ ತುದಿಗೆ, ಸುವಾವ್ಕಿಯ ಕಡೆಯ ಕೆರೆಗಳ ಸೀಮೆಗೆ ಹೋಗಿದ್ದಳು. ಅಲ್ಲಿ ಸಿಕ್ಕವನು ಎರಿಕ್. ಕ್ಷೌರದ ಕಸುಬಿನವನು, ತೆಳ್ಳಗಿನ ಮೈ, ಮೆತ್ತಗಿನ ಮಾತು. ಅವಳ ಹಿಂದೆಯೇ ಬಂದು ನಮ್ಮ ಸ್ಟೇಷನ್ನಿನ ಎದುರು ಮುಚ್ಚಿಹೋಗಿದ್ದ ಕ್ಷೌರದ ಅಂಗಡಿಯನ್ನು ಬಾಡಿಗೆಗೆ ಹಿಡಿದ. ಮದುವೆ ಮುಂದಿನ ವಸಂತಕ್ಕೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮೊದಲ ಭಾನುವಾರ ಅವನನ್ನು ಊಟಕ್ಕೆ ಕರೆದರು.

ಸಾರು ಬಡಿಸುವ ತನಕ ಎಲ್ಲ ಚೆನ್ನಾಗಿಯೇ ಇತ್ತು. ಉರ್ಶುಲಾ ಮಾತು ಬೆಳೆಸಲೆಂದು, ಊಟವಾದ ಮೇಲೆ ಎಲ್ಲರೂ ಓಟಕ್ಕೆ ಹೋಗೋಣ ಎಂದಳು.

"ಬೈಕ್ ರೇಸಾ? ಟಿವಿಲಿ ತೋರಿಸ್ತಾರಲ್ಲ, ಗುಡ್ಡ ಹತ್ತಿ ಮೇಲಿಂದ ಹಾರೋದು, ಅದಾ?" ಎಂದ ಎರಿಕ್.

ಉರ್ಶುಲಾಳ ಸೌಟು ಗಾಳಿಯಲ್ಲೇ ನಿಂತಿತು. ಅಲೋಯ್ಜಿ ಚಮಚ ಕೆಳಗಿಟ್ಟು ಹೇಳಿದ, "ಗುಡ್ಡ ಇಲ್ಲ. ನಾಲ್ಕು ಜನ, ನಾಲ್ಕು ಸುತ್ತು, ಎಡಕ್ಕೆ ತಿರುವು. ಬ್ರೇಕ್ ಇಲ್ಲ."

"ಬ್ರೇಕ್ ಕೆಟ್ಟೋಗಿರುತ್ತಾ?"

"ಇರೋದೇ ಇಲ್ಲ."

"ಮತ್ತೆ ಬಲಕ್ಕೆ ತಿರುಗ್ಬೇಕಾದ್ರೆ?"

"ಬಲಕ್ಕೆ ಯಾರೂ ತಿರುಗಲ್ಲ, ಮಹಾಶಯ್ರೇ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಎರಿಕ್ ಮನಸಾರೆ ನಕ್ಕ. ಆ ನಗುವಿನಿಂದಲೇ ಕೆಟ್ಟಿತು. ಅಲೋಯ್ಜಿ ಕಟ್ಲೆಟ್ಟನ್ನು ಅರ್ಧಕ್ಕೇ ಬಿಟ್ಟೆದ್ದು ಮೈದಾನಕ್ಕೆ ಹೋದ.

ಆ ಸಂಜೆ ಮಗಳನ್ನು ಅಡುಗೆಮನೆಗೆ ಕರೆದು, ಈ ಹುಡುಗ ಗ್ರೊಬ್ಲಾದವರು ಕಳಿಸಿದವನು ಎಂದ. ಲಿದಿಯಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನ ತರ್ಕ ಮಾತ್ರ ಸರಳವಾಗಿತ್ತು. ಸ್ಪೀಡ್‌ವೇ ಗೊತ್ತಿಲ್ಲದ ಗಂಡಸು ಈ ದೇಶದಲ್ಲಿ ಇರಲು ಸಾಧ್ಯವಿಲ್ಲ. ಆದ್ದರಿಂದ ಗೊತ್ತಿಲ್ಲ ಎನ್ನುವವನು ಗೊತ್ತಿದ್ದೇ ಹಾಗೆನ್ನುತ್ತಿದ್ದಾನೆ. ಗೊತ್ತಿದ್ದೂ ಗೊತ್ತಿಲ್ಲ ಎನ್ನಬೇಕಾದರೆ ಒಂದು ಕಾರಣ ಇರಬೇಕು. ನೆಲ ಹದ ಮಾಡುವವನ ಮಗಳನ್ನೇ ಹುಡುಕಿಕೊಂಡು ದೇಶದ ಆ ತುದಿಯಿಂದ ಒಬ್ಬ ಬರುತ್ತಾನೆ ಎಂದರೆ ಆ ಕಾರಣ ಏನೆಂದು ಬೇರೆ ಹೇಳಬೇಕೆ.

"ಅಪ್ಪ, ರೈಲಲ್ಲಿ ಒಂದು ಹಗಲು ಆ ಕಡೆ ಹೋಗು ಸಾಕು. ನಿನ್ನ ಸ್ಪೀಡ್‌ವೇ ಹೆಸರು ಕೇಳ್ದೋರೇ ಇಲ್ಲ ಅಲ್ಲಿ. ನಾನು ಹೇಳಿದ್ರೆ, ಅದೇನು ತಿನ್ನೋದಾ ಅಂತ ಕೇಳಿದ್ರು."

ಅಲೋಯ್ಜಿ ಇದನ್ನು ನಂಬಲಿಲ್ಲ. ಅವನು ಆ ದಿಕ್ಕಿಗೆ ಎಂದೂ ಹೋದವನಲ್ಲ. ಹೋಗಿದ್ದೆಲ್ಲ ಓಟ ನಡೆಯುವ ಊರುಗಳಿಗೇ, ಮಾತಾಡಿದ್ದೆಲ್ಲ ಓಟ ನೋಡುವ ಜನರ ಜೊತೆಯೇ. ಅವನ ಲೋಕದ ಮೂಲೆಮೂಲೆಗೂ ಸ್ಪೀಡ್‌ವೇ ಹರಡಿತ್ತು. ಅವನೊಬ್ಬನನ್ನೇ ಏಕೆ ದೂರಬೇಕು? ಊರಿಗೆ ಊರೇ ಹಾಗೆ ತಿಳಿದಿತ್ತು.

ಇದರ ಬಿಸಿ ಎರಿಕ್‌ನ ಅಂಗಡಿಗೆ ತಟ್ಟಿತು. ನಮ್ಮೂರಲ್ಲಿ ಕ್ಷೌರಕ್ಕೆ ಹೋಗುವುದು ಕೂದಲಿಗಾಗಿ ಮಾತ್ರ ಅಲ್ಲ. ಹಿಂದಿನ ಭಾನುವಾರದ ಓಟವನ್ನು ಮತ್ತೊಮ್ಮೆ ಮೊದಲಿನಿಂದ ಓಡಿಸಬೇಕು, ರೆಫರಿಯನ್ನು ಬೈಯಬೇಕು, ಕತ್ತರಿ ಹಿಡಿದವನು ಹೂಂಗುಟ್ಟಬೇಕು. ಎರಿಕ್‌ಗೆ ಹೂಂಗುಟ್ಟುವುದೂ ಬರುತ್ತಿರಲಿಲ್ಲ. ಹವಾಮಾನದ ಬಗ್ಗೆ ಕೇಳುತ್ತಿದ್ದ, ಮೀನಿನ ಬಗ್ಗೆ ಹೇಳುತ್ತಿದ್ದ. ಕೈಗುಣ ಒಳ್ಳೆಯದು, ಆದರೆ ಶವದ ಕೈಲಿ ತಲೆ ಕೊಟ್ಟ ಹಾಗಾಗುತ್ತದೆ ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಆಗಸ್ಟ್ ಮುಗಿಯುವ ಹೊತ್ತಿಗೆ ಎರಿಕ್ ಹಗಲೆಲ್ಲ ಕಿಟಕಿಯಲ್ಲಿ ನಿಂತು ರೈಲು ನೋಡುವಂತಾಯಿತು.

ಲಿದಿಯಾ ಅಪ್ಪನ ಬಳಿಗೆ ಬಂದು ನೇರವಾಗಿಯೇ ಹೇಳಿದಳು. ಹೀಗೇ ಆದರೆ ಚಳಿಗಾಲಕ್ಕೆ ಮೊದಲು ಅಂಗಡಿ ಮುಚ್ಚಬೇಕಾಗುತ್ತದೆ. ಅವನು ತನ್ನೂರಿಗೆ ಹಿಂದಿರುಗಿದರೆ ತಾನೂ ಹೋಗುತ್ತೇನೆ. ಒಂದೆರಡು ಮಾತು ಕಲಿಸಿಕೊಡು, ಗಿರಾಕಿಗಳ ಎದುರು ಆಡಲಿಕ್ಕೆ ಅವನಿಗೂ ಏನಾದರೂ ಇರಲಿ. ಅಷ್ಟು ಮಾಡು, ಬೇರೇನೂ ಕೇಳುವುದಿಲ್ಲ.

ಒಬ್ಬಳೇ ಮಗಳು. ಅವಳು ಹೋದರೆ ಮನೆಯಲ್ಲಿ ಮಾತೆಂಬುದು ಇರುವುದಿಲ್ಲ ಎಂದು ಅಲೋಯ್ಜಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅನುಮಾನದವನ ತಲೆ ಸಂಕಟದಲ್ಲಿಯೂ ತನ್ನ ದಾರಿಯನ್ನೇ ಹಿಡಿಯುತ್ತದೆ. ಆಗಲಿ, ಪರೀಕ್ಷೆಯೇ ಮಾಡಿಬಿಡೋಣ ಎಂದುಕೊಂಡ. ಬರುವ ಭಾನುವಾರ ಗ್ರೊಬ್ಲಾದ ಜೊತೆ ಓಟ. ಹುಡುಗನಿಗೆ ಒಂದು ಸುಳ್ಳು ಹೇಳುವುದು. ಗ್ರೊಬ್ಲಾದವರು ಆ ಸುಳ್ಳಿಗೆ ತಕ್ಕ ಬೈಕು ತಂದರೆ ಕಳ್ಳ ಸಿಕ್ಕ. ತರದಿದ್ದರೆ ಅಳಿಯ ಸಿಕ್ಕ. ಎರಡರಲ್ಲಿ ಯಾವುದಾದರೂ ಲೋಕಕ್ಕೆ ನಷ್ಟವಿಲ್ಲ.

ಗುರುವಾರ ಸಂಜೆ, ಬಾಯಿಗೆ ಬೀಗ ಬೀಳುವ ಹೊತ್ತಿಗೆ ಸರಿಯಾಗಿ, ಅವನು ಎರಿಕ್‌ನ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ. ಎರಿಕ್ ಎಷ್ಟು ಹಿಗ್ಗಿದನೆಂದರೆ ಬಿಳಿಯ ಬಟ್ಟೆಯನ್ನು ತಿರುವುಮುರುವಾಗಿ ಹೊದಿಸಿದ. ಅಲೋಯ್ಜಿ ಕನ್ನಡಿಯಲ್ಲಿಯೇ ಅವನ ಕಣ್ಣು ನೋಡುತ್ತ ಹೇಳಿದ, "ಭಾನುವಾರ ನೆಲ ಗಟ್ಟಿಯಿರುತ್ತೆ. ಕಲ್ಲು."

"ಗಟ್ಟಿ ಇದ್ರೆ ಒಳ್ಳೇದಾ?" ಎಂದ ಎರಿಕ್.

"ತಿಳಿದೋರಿಗೆ ಒಳ್ಳೇದು."

ಯಾರಿಗೂ ಹೇಳಬೇಡ ಎಂದು ಅಲೋಯ್ಜಿ ಹೇಳಲಿಲ್ಲ. ಹಾಗೆ ಹೇಳಿದರೆ ಬಲೆ ಹೇಗೆ ಬಲೆಯಾದೀತು? ಅಲ್ಲದೆ ನಮ್ಮೂರಲ್ಲಿ ಹುಟ್ಟಿದ ಯಾವನಿಗೂ ಆ ಮಾತನ್ನು ಹೇಳಬೇಕಿಲ್ಲ. ನೆಲದ ಸುದ್ದಿ ಕಿವಿಗೆ ಬಿದ್ದರೆ ಅದು ಹೊಟ್ಟೆಯಲ್ಲಿಯೇ ಇರಬೇಕೆಂದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವನು ಒಬ್ಬನಿದ್ದಾನೆ, ಅವನಿಗೆ ನಿಜವಾಗಿಯೂ ಗೊತ್ತಿಲ್ಲ ಎನ್ನುವುದನ್ನು ಮಾತ್ರ ಅಲೋಯ್ಜಿಯ ಲೆಕ್ಕ ಒಪ್ಪಿರಲಿಲ್ಲ.

ಮರುದಿನವೂ ಅದರ ಮರುದಿನವೂ ಅವನು ಮೈದಾನದಲ್ಲಿಯೇ ಇದ್ದ. ಆಳವಾಗಿ ಕೆದರಿ, ನೀರುಣಿಸಿ, ಮತ್ತೆ ಕೆದರಿ, ನೆಲವನ್ನು ನಾದಿದ ಹಿಟ್ಟಿನಂತೆ ಮೆತ್ತಗೆ ಮಾಡಿದ. ನಮ್ಮ ಹುಡುಗರಿಗೆ ಇಷ್ಟವಾದದ್ದು ಅದೇ, ಗ್ರೊಬ್ಲಾದ ಮೇಲೆ ಅವನು ಹೆಚ್ಚಾಗಿ ಮಾಡುತ್ತಿದ್ದದ್ದೂ ಅದೇ. ಭಾನುವಾರ ಬೆಳಗ್ಗೆ ಬಿಸಿಲಿಗೆ ಮೇಲಿನ ಪದರ ಒಣಗಲು ಬಿಟ್ಟ. ನೋಡಿದವರು ಸಿಮೆಂಟು ಎನ್ನಬೇಕು, ಹಾಗಿತ್ತು.

ಓಟಕ್ಕೆ ಮೊದಲು ಅವನು ಏನೋ ಕೆಲಸವಿರುವವನಂತೆ ಗ್ರೊಬ್ಲಾದವರ ಬೈಕುಗಳ ಸಾಲಿನ ಹಿಂದೆ ಎರಡು ಬಾರಿ ಅಡ್ಡಾಡಿದ. ಅವರ ಸ್ಪ್ರಾಕೆಟ್ಟುಗಳನ್ನು ಓರೆಗಣ್ಣಿನಿಂದ ನೋಡಿದ. ಎಲ್ಲ ಮೆತ್ತಗಿನ ನೆಲಕ್ಕೆ ಕಟ್ಟಿದ್ದವು. ಪ್ರತಿ ವರ್ಷ ಅಲೋಯ್ಜಿ ತಮಗೆ ಇದನ್ನೇ ಬಡಿಸುತ್ತಾನೆಂದು ಅವರು ಅಂದಾಜು ಮಾಡಿಕೊಂಡು ಬಂದಿದ್ದರು, ಅಷ್ಟೇ. ಅಲೋಯ್ಜಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹುಡುಗ ಕಳ್ಳನಲ್ಲ. ಲಿದಿಯಾ ಎಲ್ಲಿಗೂ ಹೋಗುವುದಿಲ್ಲ. ಸಂಜೆ ಅವನನ್ನು ಮನೆಗೆ ಕರೆದು ಒಂದು ಗ್ಲಾಸು ವೋಡ್ಕಾ ಕೊಟ್ಟು, 'ಮಹಾಶಯ್ರೇ' ಬಿಟ್ಟು 'ನೀನು' ಎನ್ನಲು ಶುರುಮಾಡಬೇಕು ಎಂದುಕೊಂಡ. ಜೊತೆಗೆ, ನಿಜ ಹೇಳಬೇಕೆಂದರೆ, ಕಳ್ಳ ಸಿಗಲಿಲ್ಲವಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಓಟ ಶುರುವಾಗುವ ಗೆರೆಗೆ ಅಡ್ಡ ಕಟ್ಟಿದ ಟೇಪು ಮೇಲಕ್ಕೆ ಹಾರಿತು. ನಾಲ್ಕು ಬೈಕು ಒಟ್ಟಿಗೆ ಕಿರುಚಿದವು. ಮೂರು ಹೋದವು. ಕೆಂಪು ಹೆಲ್ಮೆಟ್ಟಿನ ನಾರ್ಬರ್ಟನ ಬೈಕು ಮಾತ್ರ ಮಣ್ಣಿನಲ್ಲಿ ಉಸಿರು ಸಿಕ್ಕಿಕೊಂಡಂತೆ ತೊದಲಿ, ಮೊದಲ ತಿರುವಿಗೆ ಬರುವಾಗಲೇ ಎಲ್ಲರ ಹಿಂದಿತ್ತು. ಗೆರ್ಟ್ರೂದಾ ಬಾಯಲ್ಲಿದ್ದ ಬೀಜದ ಸಿಪ್ಪೆಯನ್ನು ಉಗುಳಲು ಮರೆತಳು. ನಾರ್ಬರ್ಟ್ ಎರಡನೆಯ ಬಾರಿ ಇನ್ನೊಂದು ಬೈಕು ತಂದ. ಅದೂ ಹಾಗೆಯೇ. ಅಲೋಯ್ಜಿ ನೀರಿನ ಟ್ಯಾಂಕರಿನ ಬಳಿ ನಿಂತಿದ್ದಾಗ ನಾರ್ಬರ್ಟನ ಮೆಕ್ಯಾನಿಕ್ಕು ಎದುರಿನ ಬ್ಯಾರೆಲನ್ನು ಒದ್ದು, ಎರಡೂ ಎಂಜಿನ್ನನ್ನು ಗಟ್ಟಿ ನೆಲಕ್ಕೆ ಕಟ್ಟಿಸಿದ್ದೀಯ, ಒಳ್ಳೆಯದನ್ನು ಮನೆಯಲ್ಲಿ ಬಿಟ್ಟು ಬಂದಿದ್ದೀಯ, ಗಟ್ಟಿ ಎಂದವನು ಯಾವನು ಎಂದು ಸವಾರನ ಮೇಲೆ ಹರಿಹಾಯುತ್ತಿದ್ದ. ನಾರ್ಬರ್ಟ್ ಹೆಲ್ಮೆಟ್ಟು ತೆಗೆದು ಕೊಟ್ಟ ಉತ್ತರ ಅಲೋಯ್ಜಿಗೂ ಕೇಳಿಸಿತು.

"ಅಲೋಯ್ಜಿ ಮನೆ ಮಾತು ಅದು. ಅಳಿಯ ಆಗೋನೇ ಹೇಳಿದ, ಆ ಕ್ಷೌರದೋನು."

ಶುಕ್ರವಾರ ನಾರ್ಬರ್ಟ್ ಹೆಲ್ಮೆಟ್ಟಿಗೆ ಸಿಕ್ಕುವ ಹಿಂಗೂದಲು ಕತ್ತರಿಸಿಕೊಳ್ಳಲು ಸ್ಟೇಷನ್ನಿನ ಎದುರು ಹೊಕ್ಕಿದ್ದ. ಎರಿಕ್‌ನ ಬಳಿ ಜೀವಮಾನದಲ್ಲಿ ಮೊದಲ ಬಾರಿಗೆ ಸ್ಪೀಡ್‌ವೇಯ ಒಂದು ಮಾತಿತ್ತು. ಅದನ್ನು ಅವನು ಮೊದಲು ಸಿಕ್ಕ ಗಿರಾಕಿಗೆ, ಮನೆಗೆ ಬಂದ ನೆಂಟರಿಗೆ ಮೊದಲ ತುತ್ತು ಬಡಿಸುವಂತೆ ಬಡಿಸಿದ್ದ.

ಸ್ಪ್ರಾಕೆಟ್ಟು ಬದಲಿಸಿ, ಬೇರೆಯವರ ಬೈಕು ಎರವಲು ತಂದು ನಮ್ಮವರು ಏನೇನೋ ಮಾಡಿದರು. ಕೊನೆಯ ಓಟದ ತನಕ ಎಳೆದಾಡಿ, ಎರಡೇ ಅಂಕದಲ್ಲಿ ಸೋತರು. ನಮ್ಮ ಮೈದಾನದಲ್ಲಿ ಗ್ರೊಬ್ಲಾದವರು ಕುಣಿದರು. ಊರು ಸಾರಿನ ಪಾತ್ರೆ ತೊಳೆಯದೆ ಮಲಗಿತು.

ಸೋಮವಾರ ಬೆಳಗ್ಗೆ ಎರಿಕ್‌ನ ಅಂಗಡಿಯ ಬಾಗಿಲಿಗೆ ಯಾರೋ ಗ್ರೊಬ್ಲಾದ ಮಫ್ಲರ್ ಗಂಟು ಹಾಕಿದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕಥೆ ಪೂರ್ತಿಯಾಗಿತ್ತು. ನೆಲ ಮೆತ್ತಗೆ ಎಂದು ಕ್ಷೌರದವನು ಅಲೋಯ್ಜಿಯ ಮನೆಯಲ್ಲಿ ಹೇಗೋ ತಿಳಿದುಕೊಂಡ, ಬೇಕೆಂದೇ ನಾರ್ಬರ್ಟನಿಗೆ ಗಟ್ಟಿ ಎಂದ. ಗ್ರೊಬ್ಲಾದವರು ಅವನನ್ನು ಸಾಕಿದ್ದಾರೆ. ಸುವಾವ್ಕಿ ಗಿವಾವ್ಕಿ ಎಲ್ಲ ಬರೀ ಬೂಟಾಟಿಕೆ. ಅಲೋಯ್ಜಿ ವಾರಗಟ್ಟಲೆ ಮನಸ್ಸಿನಲ್ಲಿ ಹೆಣೆದದ್ದನ್ನೇ ಊರು ಅರ್ಧ ದಿನದಲ್ಲಿ ಹೆಣೆದುಬಿಟ್ಟಿತ್ತು. ಬೇಕರಿಯ ಸಾಲಿನಲ್ಲಿ ನಿಂತು ಅದನ್ನು ಕೇಳುವಾಗ ತನ್ನ ಬಾಯಿಂದಲೇ ಕೇಳಿದಂತೆ ಅವನಿಗೆ ಅನ್ನಿಸಿತು. ಆದರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಸೋಲು ತನ್ನ ತಲೆಗೆ ಬರುತ್ತದೆ. ಬಿಚ್ಚದಿದ್ದರೆ ಹುಡುಗನ ತಲೆಗೆ. ಬ್ರೆಡ್ಡು ಕೊಂಡು ಮನೆಗೆ ಬಂದ.

ಆ ದಿನವೆಲ್ಲ ಲಿದಿಯಾ ಅವನ ಮುಖ ನೋಡಲಿಲ್ಲ. ಮರುದಿನ ಅವನೇ ಸ್ಟೇಷನ್ನಿನ ಕಡೆಗೆ ಹೋದ. ಅಂಗಡಿಯಲ್ಲಿ ಎರಿಕ್ ಒಬ್ಬನೇ, ಬಾಗಿಲಿನ ಗಾಜಿನ ಮೇಲೆ ಬರೆದಿದ್ದ ಏನನ್ನೋ ಉಜ್ಜಿ ಅಳಿಸುತ್ತಿದ್ದ. ಅಲೋಯ್ಜಿಯನ್ನು ನೋಡಿ ಕುರ್ಚಿ ಒರೆಸಿದ. ಕೋಪದ ಸುಳಿವೂ ಇರಲಿಲ್ಲ. ಅದನ್ನೇ ಅಲೋಯ್ಜಿಗೆ ತಡೆಯಲಾಗಲಿಲ್ಲ.

"ನಾನು ತಪ್ಪು ಕೇಳಿಸ್ಕೊಂಡೆ ಅನ್ಸುತ್ತೆ ಕುಬಿಯಾಕ್ ಅವ್ರೇ," ಎಂದ ಎರಿಕ್. "ನೀವು ಮೆತ್ತಗೆ ಅಂದಿರ್ತೀರಿ, ನಾನು ಗಟ್ಟಿ ಅಂತ ಹೇಳ್ಬಿಟ್ಟೆ. ಇದೆಲ್ಲ ನಂಗೆ ಗೊತ್ತಾಗಲ್ಲ ನೋಡಿ. ಈ ಊರಲ್ಲಿ ಯಾರೂ ನಂಗೆ ಏನೂ ಹೇಳಿರ್ಲಿಲ್ಲ. ನೀವೇ ಬಂದು ಹೇಳಿದ್ರಿ. ಮನೆಯೋನು ಅಂತ ಲೆಕ್ಕಕ್ಕೆ ತಗೊಂಡ್ರಿ ಅಂತ ಆ ದಿನ ಎಲ್ಲ ಶಿಳ್ಳೆ ಹಾಕ್ಕೊಂಡು ಓಡಾಡ್ದೆ."

ಅಲೋಯ್ಜಿ ಕುರ್ಚಿಯಲ್ಲಿ ಕೂರಲಿಲ್ಲ. "ತಪ್ಪು ಕೇಳಿಸ್ಕೊಂಡಿಲ್ಲ," ಎಂದ. "ಗಟ್ಟಿ ಅಂತಾನೇ ಹೇಳಿದ್ದು. ಸುಳ್ಳು ಹೇಳಿದ್ದು. ನಿನ್ನನ್ನ ಹಿಡಿಯೋಕೆ."

ಎರಿಕ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒದ್ದೆ ಬಟ್ಟೆಯನ್ನು ಹಿಂಡಿ, ಮಡಿಸಿ, ಕಿಟಕಿಯ ಮೇಲಿಟ್ಟ. ಅಲೋಯ್ಜಿಗೆ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಬೇಕಾದ್ದಾಗಲಿ ಎಂದು ನೇರ ಕ್ಲಬ್ಬಿಗೆ ನಡೆದ.

ಕ್ಲಬ್ಬಿನ ಕ್ಯಾಂಟೀನಿನಲ್ಲಿ ಅಧ್ಯಕ್ಷ ರೊಮುಅಲ್ದ್ ಇದ್ದ, ಗೆರ್ಟ್ರೂದಾ ಇದ್ದಳು, ಸೋಲಿನ ಸೂತಕ ಮುಗಿಯದ ಇನ್ನಷ್ಟು ಜನ ಬಿಯರ್ ಹಿಡಿದು ಕೂತಿದ್ದರು. ಅಲೋಯ್ಜಿ ಬಾಗಿಲಲ್ಲಿಯೇ ನಿಂತು ಎಲ್ಲವನ್ನೂ ಹೇಳಿದ. ಕ್ಷೌರದವನ ಮೇಲೆ ತನಗೆ ಅನುಮಾನವಿತ್ತು, ಪರೀಕ್ಷೆಗೆಂದು ಸುಳ್ಳು ಹೇಳಿದೆ, ಆ ಸುಳ್ಳು ಸುತ್ತಿಕೊಂಡು ನಮ್ಮವರ ಕಾಲಿಗೇ ಬಿತ್ತು, ಹುಡುಗನ ತಪ್ಪು ಇದರಲ್ಲಿ ಕೂದಲಿನಷ್ಟೂ ಇಲ್ಲ, ಬೈಯುವುದಿದ್ದರೆ ನನ್ನನ್ನು ಬೈಯಿರಿ. ಇಷ್ಟು ಉದ್ದದ ಮಾತನ್ನು ಅವನ ಬಾಯಿಂದ ಯಾರೂ ಕೇಳಿರಲಿಲ್ಲ.

ಯಾರೂ ಬೈಯಲಿಲ್ಲ. ಗೆರ್ಟ್ರೂದಾ ಬೀಜದ ಸಿಪ್ಪೆಯನ್ನು ಅಂಗೈಗೆ ಉಗುಳಿ ಹೇಳಿದಳು, "ಇಷ್ಟು ವರ್ಷ ಕಟ್ಕೊಂಡ ಹೆಂಡ್ತಿಗೇ ಹೇಳ್ದೇ ಇದ್ದೋನು, ಕ್ಷೌರದೋನ ಅಂಗಡಿಗೆ ಹೋಗಿ ನೆಲದ ಮಾತು ಆಡಿದ್ನಂತೆ. ಕೇಳೋರು ಇದ್ರೆ ಹೇಳ್ತಾನೇ ಇರು ಮಗ."

ನಗೆ ಎದ್ದಿತು. ಅಧ್ಯಕ್ಷ ಎದ್ದುಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಮಗಳ ಸಂಸಾರ ಉಳಿಸಲು ತಂದೆಯಾದವನು ಇಷ್ಟು ಸುಳ್ಳಾದರೂ ಹೇಳದಿರುತ್ತಾನೆಯೇ, ತಾನಾದರೂ ಹೇಳುತ್ತಿದ್ದೆ ಎಂದ. ಅಲೋಯ್ಜಿ ಆಣೆ ಮಾಡಿದ. ಆಣೆ ಮಾಡಿದ ಮೇಲೆ ಉಳಿದಿದ್ದ ನಂಬಿಕೆಯೂ ಹೋಯಿತು. ಹಿಂದಿನ ಮೇಜಿನಿಂದ ಒಬ್ಬ, ಅಳಿಯ ಗ್ರೊಬ್ಲಾದವರ ಕಡೆಯವನಾದರೆ ಮಾವ ಯಾವ ಕಡೆ ಎಂದು ಕೇಳಿದ. ನಗೆ ನಿಂತಿತು. ಆ ಮಾತನ್ನು ಆಡಿದವನು ಮೆಲ್ಲಗೇ ಆಡಿದ್ದ, ಆದರೆ ಅದು ಎಲ್ಲರ ತಲೆಯೊಳಗೆ ಹೊಕ್ಕು ಕೂತದ್ದನ್ನು ಅಲೋಯ್ಜಿ ಕಣ್ಣಾರೆ ಕಂಡ. ಅನುಮಾನ ಹೇಗೆ ಬೇರು ಬಿಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರಿದ್ದರು?

"ಗೇಟಿನ ಕೀಲಿ, ನಲ್ಲಿ ಕೀಲಿ ಸ್ವಲ್ಪ ದಿನ ನಮ್ಮ ಹತ್ರ ಇರ್ಲಿ ಅಲೋಯ್ಜಿ," ಎಂದ ಅಧ್ಯಕ್ಷ, ಹೆಗಲ ಮೇಲಿನ ಕೈ ತೆಗೆಯದೆ. "ನಿಂಗೂ ಸ್ವಲ್ಪ ವಿಶ್ರಾಂತಿ ಆಗುತ್ತೆ."

ಅವನು ಕೊಟ್ಟ. ವಾದ ಮಾಡಲಿಲ್ಲ. ಯಾವ ವಾದವೂ ತನ್ನ ಮೇಲೆಯೇ ಹೇಗೆ ತಿರುಗುತ್ತದೆಂದು ಅವನಿಗೆ ತಿಳಿದಿತ್ತು. ಎಷ್ಟೋ ಜನರ ವಾದವನ್ನು ಅವನೂ ಹಾಗೆಯೇ ತಿರುಗಿಸಿದ್ದ.

ಮತ್ತೆ ಸ್ಟೇಷನ್ನಿನ ಕಡೆಗೆ ಬರುವಾಗ ಕತ್ತಲಾಗಿರಲಿಲ್ಲ. ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತ್ತು. ಒಳಗೆ ಎರಿಕ್ ಮತ್ತು ಲಿದಿಯಾ ಗೋಡೆಯ ದೊಡ್ಡ ಕನ್ನಡಿಯನ್ನು ಬಿಚ್ಚಿ ಕೆಳಗಿಳಿಸಿ, ಕಂಬಳಿ ಸುತ್ತುತ್ತಿದ್ದರು. ಲಿದಿಯಾಳ ಕಣ್ಣು ಅತ್ತು ಕೆಂಪಾಗಿತ್ತು. ಅಲೋಯ್ಜಿ ಕ್ಲಬ್ಬಿನಲ್ಲಿ ನಡೆದದ್ದನ್ನು ಹೇಳಿದ. ಹೇಳಿದೆ, ಎಲ್ಲರ ಎದುರು ಹೇಳಿದೆ, ಒಬ್ಬರೂ ನಂಬಲಿಲ್ಲ ಎಂದ. ನೀನಾದರೂ ನಂಬು ಎಂದ.

ಲಿದಿಯಾ ಕಂಬಳಿಯ ತುದಿಗೆ ಹಗ್ಗ ಬಿಗಿದು, ಗಂಟು ಹಾಕಿ, ಆಮೇಲೆ ತಲೆಯೆತ್ತಿದಳು.

"ನಂಬ್ತೀನಪ್ಪ. ನೀನು ಅಂಥದ್ದು ಮಾಡೋನೇ ಅಂತ ನಂಗೆ ಗೊತ್ತು. ಎರಿಕ್ ಕೂಡ ನಂಬ್ತಾನೆ, ಅವ್ನು ನೀನು ಹೇಳಿದ್ದನ್ನೆಲ್ಲ ನಂಬೋನೇ. ಈ ಊರಲ್ಲಿ ನಿನ್ನ ಮಾತು ನಂಬೋರು ಇರೋದು ನಾವಿಬ್ರೇ. ನಾವು ನಾಳೆ ಬೆಳಗ್ಗೆ ಹೊರಡ್ತೀವಿ."

ಕನ್ನಡಿ ಭಾರವಾಗಿತ್ತು. ಎರಿಕ್ ಒಂದು ತುದಿ ಹಿಡಿದು ಒಬ್ಬನೇ ಎತ್ತಲು ನೋಡುತ್ತಿದ್ದ. ಅಲೋಯ್ಜಿ ಹೋಗಿ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು 'ಮೆಲ್ಲಗೆ, ಮೆಲ್ಲಗೆ' ಎನ್ನುತ್ತ ವ್ಯಾನಿಗೆ ಏರಿಸಿದರು.